ಮಾಸಿಗೆ, ಮೇಷ್ಟ್ರಿಗೆ, ಅಪ್ಪನಿಗೆ

ಎಂ.ಎಸ್ಸಿ. ಭೌತಶಾಸ್ತ್ರದ ಫಲಿತಾಂಶ ಕಳೆದ ವಾರ ಬಂತು. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೇನೆ. ನಮ್ಮ ಮನೆಯಲ್ಲಿ ಡಿಗ್ರಿ ದಾಟಿ ಮುಂದೆ ಓದಿದವಳು ನಾನೇ ಮೊದಲು. ಫೋನ್ ಮಾಡಿ ಹರಸಿದವರಿಗೆಲ್ಲ ಆಗಲೇ ಥ್ಯಾಂಕ್ಸ್ ಹೇಳಿದ್ದೇನೆ. ಆದರೆ ಕೆಲವರಿಗೆ ಎಲ್ಲರ ಎದುರಿಗೇ ಹೇಳಬೇಕು ಅನ್ನಿಸಿದೆ. ಹೋದ ವರ್ಷ ನವರಾತ್ರಿ ಹೊತ್ತಿಗೆ ನನ್ನನ್ನು ಅಹಮದಾಬಾದಿಗೆ ಕಳಿಸಿದವರು, ಅಲ್ಲಿ ಮನೆಯೊಳಗೆ ಕರೆದವರು, ಕೂಡಿಸಿಕೊಂಡು ಪಾಠ ಹೇಳಿದವರು. ಅವರಿಲ್ಲದೆ ಈ ಫಲಿತಾಂಶ ಇರುತ್ತಿರಲಿಲ್ಲ.

ಅದಕ್ಕೂ ಹಿಂದಿನ ವರ್ಷ ನಮ್ಮ ಹೊಲದ ತೊಗರಿಗೆ ನೆಟೆ ರೋಗ ಬಿದ್ದಿತ್ತು. ರಾಯಚೂರು, ಕಲಬುರಗಿ ಕಡೆಯವರಿಗೆ ನೆಟೆ ರೋಗ ಅಂದರೆ ಬಿಡಿಸಿ ಹೇಳಬೇಕಿಲ್ಲ. ಹೂವು, ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಬೇರಿನಿಂದ ಬರುವ ರೋಗ ಅದು. ಮೇಲೆ ಕಾಣುವಷ್ಟರಲ್ಲಿ ಒಳಗೆಲ್ಲ ಮುಗಿದಿರುತ್ತದೆ. ಅಪ್ಪ ಬೀಜ, ಗೊಬ್ಬರಕ್ಕೆ ಮಾಡಿದ್ದ ಸಾಲ ಹಾಗೇ ಉಳಿಯಿತು. ಓದು ಬಿಟ್ಟು ಯಾವುದಾದರೂ ಖಾಸಗಿ ಶಾಲೆಯಲ್ಲಿ ಪಾಠ ಹೇಳೋಣ ಅಂತ ನಾನು ಮನಸ್ಸು ಮಾಡಿಯಾಗಿತ್ತು. ಅಂಥ ಹೊತ್ತಿನಲ್ಲಿ ಡಿಪಾರ್ಟ್‌ಮೆಂಟಿನವರು ಅಧ್ಯಯನ ಪ್ರವಾಸದ ನೋಟಿಸ್ ಹಾಕಿದರು. ನಾನು ಹೆಸರು ಕೊಡಲಿಲ್ಲ. ಕೊಟ್ಟವರು ನನ್ನ ಕ್ಲಾಸಿನವರು. ನನ್ನ ಪಾಲಿನ ದುಡ್ಡನ್ನು ತಾವೇ ಕೂಡಿಸಿ ಕಟ್ಟಿ, ರಸೀದಿ ತಂದು ಕೈಗಿಟ್ಟರು. ಯಾರು ಎಷ್ಟು ಹಾಕಿದರು ಅಂತ ಇವತ್ತಿಗೂ ಒಬ್ಬರೂ ಬಾಯಿ ಬಿಟ್ಟಿಲ್ಲ. ನನ್ನ ಮೊದಲ ನಮಸ್ಕಾರ ಅವರಿಗೆ.

ನಮ್ಮ ಸರ್‌ಗೆ ಎರಡನೆಯದು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕೆ ಕೇಂದ್ರ, ಅಂದರೆ ಇಸ್ರೋದ ಸ್ಯಾಕ್ ನೋಡಲು ಅವರು ತಿಂಗಳುಗಟ್ಟಲೆ ಮೊದಲೇ ಪತ್ರ ಬರೆದು ಅನುಮತಿ ಪಡೆದಿದ್ದರು. ಇಸ್ರೋ ಅಂದರೆ ನಮ್ಮ ಹುಡುಗರಿಗೆ ಬೆಂಗಳೂರು ಇಲ್ಲವೇ ಶ್ರೀಹರಿಕೋಟಾ, ಅಷ್ಟೇ. ಉಪಗ್ರಹದ ಕಣ್ಣು ತಯಾರಾಗುವುದು ಅಹಮದಾಬಾದಿನಲ್ಲಿ, ಭೂಮಿಯನ್ನು ನೋಡುವ ಕ್ಯಾಮೆರಾಗಳು ಅಲ್ಲಿಂದ ಬರುತ್ತವೆ ಅಂತ ಸರ್ ಹೇಳಿದಾಗಲೇ ನಮಗೆ ಗೊತ್ತಾದದ್ದು. ಆ ಕೇಂದ್ರ ಇರುವ ಕಡೆ ಬಡಾವಣೆಗೇ ಸ್ಯಾಟಲೈಟ್ ಅಂತ ಹೆಸರು. ಆಟೋದವರೂ ಹಾಗೇ ಕೂಗುತ್ತಾರೆ. ಅದನ್ನು ಕೇಳಿ ನಮಗೆಲ್ಲ ಸಂಭ್ರಮವೋ ಸಂಭ್ರಮ.

ಒಳಗೆ ನಮ್ಮನ್ನು ಕರೆದುಕೊಂಡು ಹೋದ ವಿಜ್ಞಾನಿಯೊಬ್ಬರಿಗೆ ಅವಸರವೇ ಇರಲಿಲ್ಲ. ಚಂದ್ರಯಾನ-3ರ ಲ್ಯಾಂಡರ್ ಮಾದರಿಯ ಹತ್ತಿರ ತುಂಬ ಹೊತ್ತು ನಿಲ್ಲಿಸಿದರು. 2023ರ ಆಗಸ್ಟ್ 23ರ ಸಂಜೆ ಆ ಲ್ಯಾಂಡರ್, ಅಂದರೆ ವಿಕ್ರಮ್, ಚಂದ್ರನ ಮೇಲೆ ಇಳಿದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದವರೇ. ಆದರೆ ಕೊನೆಯ 150 ಮೀಟರ್ ಎತ್ತರದಲ್ಲಿ ಅದು ಒಂದಿಷ್ಟು ಹೊತ್ತು ಹಾಗೇ ತೇಲುತ್ತ ನಿಂತಿತ್ತಲ್ಲ, ಆಗ ಏನು ನಡೀತಿತ್ತು ಅನ್ನೋದು ಗೊತ್ತಿರಲಿಲ್ಲ. ಕೆಳಗೆ ಬಂಡೆ ಇದೆಯಾ, ಗುಂಡಿ ಇದೆಯಾ, ಇಳಿಜಾರು ಜಾಸ್ತಿ ಇದೆಯಾ ಅಂತ ಒಂದು ಕ್ಯಾಮೆರಾ ನೋಡುತ್ತಿತ್ತು. ಇಳಿಯಲು ಸರಿಯಾದ ಜಾಗ ಯಾವುದು ಅಂತ ಲ್ಯಾಂಡರ್ ತಾನೇ ತೀರ್ಮಾನ ಮಾಡಬೇಕಿತ್ತು. ಭೂಮಿಯಿಂದ ಯಾರೂ ಹೇಳಿಕೊಡುವಂತಿರಲಿಲ್ಲ. ಆ ಕ್ಯಾಮೆರಾ ತಯಾರಾದದ್ದು ಇದೇ ಕೇಂದ್ರದಲ್ಲಿ. ಅವರು ಇದನ್ನು ಹೇಳುವಾಗ ದನಿ ಏರಿಸಲಿಲ್ಲ, ದೊಡ್ಡ ಮಾತಾಡಲಿಲ್ಲ. ನಮ್ಮ ಪ್ರಶ್ನೆಗೆ ಕಾಯುತ್ತಿದ್ದರು. ಯಾರೂ ಕೇಳದಿದ್ದರೆ ತಾವೇ ಒಂದು ಪ್ರಶ್ನೆ ಹಾಕಿ ಸುಮ್ನೆ ನಿಲ್ಲುತ್ತಿದ್ದರು.

ನನಗೆ ದಾರಿ ತೋರಿಸಿದ್ದು ಮಾತ್ರ ಚಂದ್ರನ ಕಥೆಯಲ್ಲ, ತೆಂಗಿನ ಮರದ ಕಥೆ. ಪ್ರೊ. ಪಿ.ಆರ್. ಪಿಶಾರೋಟಿ ಅಂತ ಒಬ್ಬರಿದ್ದರು. ಭಾರತದಲ್ಲಿ ದೂರಸಂವೇದಿಗೆ, ಅಂದರೆ ಮೇಲಿನಿಂದ ಚಿತ್ರ ತೆಗೆದು ನೆಲದ ಸ್ಥಿತಿ ತಿಳಿಯುವ ವಿದ್ಯೆಗೆ, ಅಡಿಪಾಯ ಹಾಕಿದವರು. 1970ರ ಸುಮಾರಿಗೆ ಅವರ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಿ, ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಫೋಟೋ ತೆಗೆಯಿತು. ತೆಂಗಿಗೆ ಆಗ ಬೇರು ರೋಗ ಬಿದ್ದಿತ್ತು. ಫೋಟೋದಲ್ಲಿ ರೋಗದ ಮರ ಒಂದು ಬಣ್ಣ, ಚೆನ್ನಾಗಿರುವ ಮರ ಇನ್ನೊಂದು ಬಣ್ಣ. ನಮ್ಮ ದೇಶದ ದೂರಸಂವೇದಿ ಶುರುವಾದದ್ದು ಹಾಗೆ, ರೈತನ ಗಿಡ ನೋಡುವುದರಿಂದ.

ಯಾಕೆ ಹಾಗೆ ಕಾಣುತ್ತದೆ ಅಂತಲೂ ಆ ವಿಜ್ಞಾನಿ ಬಿಡಿಸಿ ಹೇಳಿದರು. ಎಲೆಯ ಹಸಿರು ಅಂಶ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಅದರಾಚೆಗಿನ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಎಲೆಯ ಒಳಗಿನ ಕೋಶಗಳು ಹಿಂದಕ್ಕೆ ಎಸೆಯುತ್ತವೆ. ಗಿಡ ಗಟ್ಟಿಯಾಗಿದ್ದರೆ ಈ ಎರಡರ ನಡುವಿನ ಅಂತರ ದೊಡ್ಡದು. ಗಿಡ ಸೊರಗಿದರೆ ಅಂತರ ಕುಗ್ಗುತ್ತದೆ. ಇವೆರಡನ್ನೂ ಅಳೆದು ಹೋಲಿಸಿ ನೋಡಿದರೆ ಹೊಲದ ಸ್ಥಿತಿ ಎಷ್ಟೋ ಗೊತ್ತಾಗುತ್ತದೆ. ನಾನು ಕೈ ಎತ್ತಿದೆ. ನಮ್ಮ ಕಡೆ ತೊಗರಿಗೂ ಬೇರಿನಿಂದಲೇ ರೋಗ ಬರುತ್ತದೆ, ಅದನ್ನೂ ಮೇಲಿನಿಂದ ನೋಡಬಹುದಾ ಅಂತ ಕೇಳಿದೆ. ಅವರು ಹೌದು ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. 'ಚಿತ್ರಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ಹೊಲ ಎಲ್ಲಿದೆ ಅಂತ ನಿಮಗೆ ಗೊತ್ತಿದೆ. ನೀವೇ ನೋಡಿ ಹೇಳಿ' ಅಂದರು. ನನ್ನ ಎಂ.ಎಸ್ಸಿ. ಪ್ರಾಜೆಕ್ಟಿನ ವಿಷಯ ಅಲ್ಲೇ ನಿಂತುಬಿಟ್ಟಿತು.

ಅದೇ ದಿನ, ಹಳ್ಳಿಗೆ ಟಿವಿ ಬಂದ ಕಥೆ ಹೇಳುವ ಇನ್ನೊಂದು ಗೋಡೆಯ ಮುಂದೆ ನಾನು ಅಜ್ಜಿಗೆ ಫೋನ್ ಮಾಡಬೇಕು ಅಂದುಕೊಂಡೆ. ಫೋನ್ ಗೇಟಿನಲ್ಲೇ ಇಸಿದುಕೊಂಡಿದ್ದರು, ಹೊರಗೆ ಬಂದ ಕೂಡಲೇ ಮಾಡಿದೆ. ಅಜ್ಜಿ ಒಂದು ಮಾತು ಆಗಾಗ ಹೇಳುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಊರ ಶಾಲೆಗೆ ಟಿವಿ ಬಂದಿತ್ತು, ತಂತಿ ಜಾಲಿಯ ದೊಡ್ಡ ಛತ್ರಿ ಇಟ್ಟಿದ್ದರು, ಸಂಜೆ ಊರಿಗೆ ಊರೇ ಕೂಡುತ್ತಿತ್ತು, ವರ್ಷ ಕಳೆದ ಮೇಲೆ ಬಂದ್ ಆಯಿತು ಅಂತ. ಕರೆಂಟೇ ಸರಿಯಾಗಿ ಇಲ್ಲದ ಕಾಲದಲ್ಲಿ ಟಿವಿ ಎಲ್ಲಿಂದ ಬರಬೇಕು ಅಂತ ನಾವು ಮೊಮ್ಮಕ್ಕಳು ಅವಳನ್ನು ಕಾಡುತ್ತಿದ್ದೆವು. ಬಂದದ್ದು ನಿಜ! 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಅಮೆರಿಕದ ನಾಸಾ ಒಂದು ವರ್ಷಕ್ಕೆ ಬಿಟ್ಟುಕೊಟ್ಟಿದ್ದ ಎಟಿಎಸ್-6 ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದ್ದರು. ಸೈಟ್ ಅಂತ ಆ ಯೋಜನೆಯ ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ಕಡೆಯ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನೇ. ಬೇಸಾಯ, ಆರೋಗ್ಯ, ಶಾಲೆ ಮಕ್ಕಳ ಪಾಠ, ಎಲ್ಲವೂ ಅದರಲ್ಲಿ ಬರುತ್ತಿತ್ತು. ಉಪಗ್ರಹಕ್ಕೆ ಕಾರ್ಯಕ್ರಮ ಕಳಿಸುತ್ತಿದ್ದ ಮುಖ್ಯ ಕೇಂದ್ರ ಇದೇ ಅಹಮದಾಬಾದ್. ಬೆಂಗಳೂರು ನಗರದವರೇ ಮನೆಯಲ್ಲಿ ಟಿವಿ ನೋಡದಿದ್ದ ಕಾಲ ಅದು. ಹಿಂದುಳಿದ ಹಳ್ಳಿಗೆ ಮೊದಲು ಮುಟ್ಟಬೇಕು ಅಂತ ಆಗ ಯೋಚನೆ ಮಾಡಿದವರಿಗೆ, ನನ್ನ ಅಜ್ಜಿಯ ಪರವಾಗಿಯೂ ಕೈ ಮುಗಿಯುತ್ತೇನೆ. ಫೋನಿನಲ್ಲಿ ಅಜ್ಜಿ ಅಂದದ್ದು ಇಷ್ಟೇ: 'ನಾ ಹೇಳಿದ್ನಿಲ್ಲ?'

ಇನ್ನು ಮಾಸಿಯ ವಿಷಯ. ಸರ್ ಜೊತೆ ಹಿಂದೆ ಸಂಶೋಧನೆ ಮಾಡಿದ ಗೆಳೆಯರೊಬ್ಬರ ಮನೆ ಅಹಮದಾಬಾದಿನ ಹಳೇ ಊರಿನ ಒಂದು ಪೋಳದಲ್ಲಿದೆ. ಪೋಳ ಅಂದರೆ ಒಂದೇ ಬಾಗಿಲಿನ ಓಣಿ, ಒಳಗೆ ಒಂದಕ್ಕೊಂದು ಆನಿಸಿಕೊಂಡ ಮರದ ಕೆತ್ತನೆಯ ಹಳೇ ಮನೆಗಳು. ಹುಡುಗಿಯರನ್ನೆಲ್ಲ ಅವರ ತಾಯಿ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವರನ್ನು ನಾವು ಮಾಸಿ, ಅಂದರೆ ಚಿಕ್ಕಮ್ಮ, ಅಂತಲೇ ಕರೆದೆವು, ಅವರು ನಮ್ಮನ್ನು ಬೇಟಾ ಅಂದರು. ಹಿಂದಿ ನಮಗೂ ಅಷ್ಟಕ್ಕಷ್ಟೇ, ಅವರಿಗೂ ಅಷ್ಟಕ್ಕಷ್ಟೇ. ಊಟಕ್ಕೆ ಅದರಿಂದೇನೂ ಅಡ್ಡಿಯಾಗಲಿಲ್ಲ. ತೊಗರಿಬೇಳೆಗೆ ಬೆಲ್ಲ ಹಾಕಿದ ಸಿಹಿ ದಾಲ್ ನಮ್ಮ ನಾಲಿಗೆಗೆ ಹಿಡಿಸಲಿಲ್ಲ ಅಂತ ಗೊತ್ತಾದದ್ದೇ ತಡ, ಮರುದಿನದಿಂದ ನಮಗೆ ಬೆಲ್ಲವಿಲ್ಲದ ಬೇಳೆ, ಪಕ್ಕದಲ್ಲಿ ಹಸಿಮೆಣಸಿನಕಾಯಿ.

ರಾತ್ರಿ ಪೋಳದ ಚೌಕದಲ್ಲಿ ಗರ್ಬಾ, ಸುತ್ತು ಕಟ್ಟಿ ಕುಣಿಯುವ ಗುಜರಾತಿನ ನವರಾತ್ರಿ ಕುಣಿತ. ನಡುವೆ ಒಂದು ಮಣೆ, ಅದರ ಮೇಲೆ ದೇವಿಯ ಫೋಟೋ ಮತ್ತು ಗರ್ಬೋ. ಮಣ್ಣಿನ ಮಡಕೆಯ ಸುತ್ತ ಸಣ್ಣ ಸಣ್ಣ ತೂತು, ಒಳಗೆ ದೀಪ. ನಮ್ಮ ಮನೆಯಲ್ಲೂ ನವರಾತ್ರಿಗೆ ಘಟ್ಟ ಹಾಕಿ ನಂದಾದೀಪ ಕಾಯುತ್ತೇವೆ. ಹಾಗಾಗಿ ಅದರ ಮುಂದೆ ನಾನು ಹೊರಗಿನವಳು ಅಂತ ಅನ್ನಿಸಲೇ ಇಲ್ಲ. ಮೊದಲು ಆರತಿ, ಆಮೇಲೆ ಢೋಲಿನ ಮೊದಲ ಪೆಟ್ಟು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಸುತ್ತು ಕಟ್ಟಿದರು.

ಮಾಸಿ ತಮ್ಮ ಮಗಳ ಹಳೇ ಚಣಿಯಾ ಚೋಳಿ ತೆಗೆದು ನನಗೆ ಉಡಿಸಿದ್ದರು. ಕನ್ನಡಿ ಚೂರು, ದಾರದ ಕಸೂತಿ, ದೊಡ್ಡ ಘೇರಿನ ಲಂಗ. ನಮ್ಮ ತಾಂಡಾದ ಲಂಬಾಣಿ ಹೆಂಗಸರ ಬಟ್ಟೆಯ ಭಾರ ಹೇಗಿರಬಹುದು ಅಂತ ಆವತ್ತು ಗೊತ್ತಾಯಿತು. ಬಟ್ಟೆ ಹಾಕಿದ್ದೇನೋ ಸರಿ, ಕುಣಿಯೋದು ಹೇಗೆ? ಹೆಜ್ಜೆ ಹೇಳಿಕೊಡುವ ಕ್ಲಾಸು ಅಲ್ಲಿಲ್ಲ. ಮಾಸಿ ನನ್ನ ಕೈ ಹಿಡಿದು ಸುತ್ತಿನ ಹೊರಸಾಲಿಗೆ ತಂದು, ಇಬ್ಬರು ಹೆಂಗಸರ ನಡುವೆ ಬಿಟ್ಟರು. ಅವರು ಅಷ್ಟು ಜಾಗ ಮಾಡಿಕೊಟ್ಟರು. ತಿರುಗಿ ಕೂಡ ನೋಡಲಿಲ್ಲ, ಕುಣಿತವನ್ನೂ ನಿಲ್ಲಿಸಲಿಲ್ಲ.

ಮೊದಲು ಬೇ ತಾಳಿ, ಎರಡು ಚಪ್ಪಾಳೆಯದು. ಅದು ಬೇಗ ಬಂತು. ತ್ರಣ ತಾಳಿ ಹಾಗಲ್ಲ. ಮುಂದಕ್ಕೆ ಬಾಗಿ ಒಂದು ಚಪ್ಪಾಳೆ, ನೆಟ್ಟಗಾಗುತ್ತ ಒಂದು, ತಿರುಗುತ್ತ ಮತ್ತೊಂದು, ಅಷ್ಟರಲ್ಲಿ ಕಾಲು ಮುಂದಿನ ಹೆಜ್ಜೆಗೆ ಹೋಗಿರಬೇಕು. ನಾನು ನನ್ನ ಕಾಲನ್ನೇ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿ, ಮುಂದಿದ್ದವಳ ಭುಜ ತೋರಿಸಿದರು. ಭುಜ ನೋಡಿದರೆ ಕಾಲು ತಾನೇ ಹಿಂದೆ ಹೋಗುತ್ತದೆ ಅಂತ ಅದರರ್ಥ. ಹಾಗೇ ಆಯಿತು. ನಮ್ಮೂರಲ್ಲಿ ಕೋಲಾಟದಲ್ಲೂ ಹಿರಿಯರು ಕೋಲು ನೋಡಬೇಡ, ಎದುರಿನವನನ್ನು ನೋಡು ಅಂತಿದ್ದರು. ಒಂದು ಹೊತ್ತಿನ ಮೇಲೆ ಢೋಲು ಜೋರಾಯಿತು, ಒಳಸಾಲಿನ ಹುಡುಗಿಯರು ಗಿರಗಿರ ತಿರುಗತೊಡಗಿದರು. ಹೊರಸಾಲು ತನ್ನ ಗತಿ ಬಿಡಲಿಲ್ಲ. ಎಪ್ಪತ್ತು ದಾಟಿದವರೂ ಎಂಟು ವರ್ಷದವರೂ ಒಂದೇ ಸುತ್ತಿನಲ್ಲಿ ಇರಬಹುದು ಅನ್ನೋದು ನನಗೆ ತುಂಬ ಹಿಡಿಸಿತು. ಸಾಲಾದ ವರ್ಷದಿಂದ ನಾನು ಹಾಗೆ ಮನಸಾರೆ ನಕ್ಕಿರಲಿಲ್ಲ. ಅಂಥದ್ದೊಂದು ರಾತ್ರಿಗೆ ನಾನು ಎಷ್ಟು ಹಸಿದಿದ್ದೆ ಅಂತ ಮಾಸಿಗೆ ಹೇಗೆ ಗೊತ್ತಾಯಿತೋ.

ಮಾರನೆಯ ರಾತ್ರಿ ಟಿಕೆಟ್ ಕೊಂಡು ಹೋಗುವ ದೊಡ್ಡ ಮೈದಾನದ ಗರ್ಬಾವನ್ನೂ ನೋಡಿದೆವು. ಬೆಳಕು, ದೊಡ್ಡ ಸ್ಪೀಕರ್, ಸಾವಿರಾರು ಜನ. ಚೆಂದವೇ. ಆದರೆ ನನ್ನ ಓಟು ಪೋಳದ ಗರ್ಬಾಕ್ಕೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಗುಜರಾತಿನ ಗರ್ಬಾವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮರ್ಯಾದೆ ಮೊದಲು ಸಲ್ಲಬೇಕಾದ್ದು ಮಾಸಿಯಂಥವರಿಗೆ, ಅಂಗಳ ಗುಡಿಸಿ, ಗರ್ಬೋ ಇಟ್ಟು, ಗುರುತಿಲ್ಲದ ಹುಡುಗಿಗೆ ಸಾಲಿನಲ್ಲಿ ಜಾಗ ಮಾಡಿಕೊಡುವವರಿಗೆ.

ಇಸ್ರೋಗೆ ಅಡಿಗಲ್ಲು ಹಾಕಿದ ವಿಕ್ರಮ್ ಸಾರಾಭಾಯಿ ಇದೇ ಊರಿನವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಅವರ ಕೈಕೆಳಗೆ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡುತ್ತಿದ್ದಾಗ ನೃತ್ಯ ಕಲಾವಿದೆ ಮೃಣಾಲಿನಿಯವರ ಪರಿಚಯವಾಯಿತು. 1942ರಲ್ಲಿ ಮದುವೆ. 1947ರಲ್ಲಿ ಅಹಮದಾಬಾದಿನಲ್ಲಿ ಭೌತಿಕ ಸಂಶೋಧನಾ ಪ್ರಯೋಗಾಲಯ, 1949ರಲ್ಲಿ ಅದೇ ಊರಲ್ಲಿ ದರ್ಪಣ ನೃತ್ಯ ಸಂಸ್ಥೆ. ಪ್ರಯೋಗಾಲಯವೂ ಕುಣಿತವೂ ಒಂದೇ ಮನೆಯಿಂದ ಹೊರಟದ್ದು. ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಅವರು ಪಿಎಚ್‌.ಡಿ. ಮಾಡಿದ್ದು ಸಾರಾಭಾಯಿಯವರ ಹತ್ತಿರವೇ. 1975ರಲ್ಲಿ ಹಾರಿದ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ತಂಡಕ್ಕೆ ಮುಂದಾಳು ಅವರು. ಓದು ಬೇಕಾ, ಹಾಡು ಕುಣಿತ ಬೇಕಾ ಅಂತ ಮಕ್ಕಳನ್ನು ಕೇಳುವ ಮನೆಗಳಲ್ಲಿ ಈ ಕಥೆಯನ್ನು ಹೇಳಬೇಕು ಅಂತ ನನಗೆ ಆಸೆ.

ಊರಿಗೆ ಬಂದ ಮೇಲೆ ಪ್ರಾಜೆಕ್ಟ್ ಶುರು ಮಾಡಿದೆ. ನಮ್ಮ ತಾಲ್ಲೂಕಿನ ತೊಗರಿ ಹೊಲಗಳ ಹಳೇ ಉಪಗ್ರಹ ಚಿತ್ರ ತೆಗೆದು, ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕಿನ ಲೆಕ್ಕ ಹಾಕಿದೆ. ಉತ್ತರ ಇಷ್ಟು: ಅಲ್ಲೊಂದು ಇಲ್ಲೊಂದು ಗಿಡ ಒಣಗಿದ್ದರೆ ಈ ಚಿತ್ರಗಳಲ್ಲಿ ಗೊತ್ತಾಗುವುದಿಲ್ಲ. ಚಿತ್ರದ ಒಂದೊಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಅಗಲ. ಆದರೆ ದೊಡ್ಡ ಪಟ್ಟಿಯಾಗಿ ಹಬ್ಬಿದ್ದರೆ ಕಾಣುತ್ತದೆ. ಹಾಗೆ ಕಂಡಾಗಲೂ ಅದು ನೆಟೆಯೋ, ನೀರಿನ ಕೊರತೆಯೋ ಅಂತ ಹೇಳಲು ಹೊಲಕ್ಕೇ ಹೋಗಬೇಕು. ಸಣ್ಣ ಉತ್ತರ, ನಿಜ. ಆದರೂ ಸ್ಯಾಕ್‌ನ ಆ ವಿಜ್ಞಾನಿಗೆ ವರದಿ ಕಳಿಸಿದಾಗ ಅವರು ಪುಟ ಪುಟಕ್ಕೂ ಗುರುತು ಹಾಕಿ ಓದಿ ವಾಪಸ್ ಕಳಿಸಿದರು. ಅಷ್ಟು ದೊಡ್ಡ ಕೆಲಸದ ನಡುವೆ ಯಾವುದೋ ಊರಿನ ವಿದ್ಯಾರ್ಥಿಗೆ ಅಷ್ಟು ಸಮಯ ಕೊಟ್ಟರಲ್ಲ, ಅವರ ಋಣ ದೊಡ್ಡದು.

ಹೊಲಕ್ಕೆ ಹೋಗುವ ಕೆಲಸದಲ್ಲಿ ನನ್ನ ಜೊತೆಗಿದ್ದವರು ಅಪ್ಪ. ಯಾರ ಹೊಲದಲ್ಲಿ ಯಾವ ವರ್ಷ ನೆಟೆ ಬಿತ್ತು, ಎಲ್ಲಿ ಎರೆ ಮಣ್ಣು, ಎಲ್ಲಿ ಮಸಾರಿ, ಎಲ್ಲಿ ನೀರು ನಿಲ್ಲುತ್ತದೆ, ಎಲ್ಲ ಅವರ ಬಾಯಲ್ಲಿತ್ತು. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಸುತ್ತಿಸಿದರು, ನಾನು ಫೋನಿನಲ್ಲಿ ಜಾಗ ಗುರುತು ಹಾಕುತ್ತ ಹೋದೆ. ತಮ್ಮ ಹೊಲ ಹಾಳಾದದ್ದನ್ನು ಕಂಪ್ಯೂಟರಿನಲ್ಲಿ ತೋರಿಸಿದಾಗ ತುಂಬ ಹೊತ್ತು ನೋಡಿ, 'ಬಡಗಣ ಮೂಲೆ ಮೊದಲು ಹೋಗಿತ್ತು, ಸರಿ ಐತಿ' ಅಂದರು. ಪರೀಕ್ಷಕರ ಮಾತಿಗಿಂತ ನನಗೆ ಅದೇ ಹೆಚ್ಚು. ಅಪ್ಪ, ಕೈಯಲ್ಲಿ ದುಡ್ಡಿಲ್ಲದಾಗಲೂ ಓದು ಬಿಡು ಅಂತ ನೀವು ಒಮ್ಮೆಯೂ ಅನ್ನಲಿಲ್ಲ. ಅವ್ವ, ಮನೆಯ ಕೆಲಸವೆಲ್ಲ ಒಬ್ಬಳೇ ಮಾಡಿಕೊಂಡು ನನ್ನನ್ನು ಓದಲು ಕೂರಿಸಿದೆ. ನಿಮ್ಮಿಬ್ಬರಿಗೂ ನಮಸ್ಕಾರ.

ಜೂನಿಯರ್‌ಗಳಿಗೆ ಒಂದು ಮಾತು. ಸ್ಯಾಕ್‌ನಲ್ಲಿ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಪ್ರದರ್ಶನ ಇದೆ. ಹೋಗುವುದಿದ್ದರೆ ಕಾಲೇಜಿನ ಪತ್ರ ಸಾಕಷ್ಟು ಮೊದಲೇ ಕಳಿಸಿ, ಗುರುತಿನ ಚೀಟಿ ಮರೆಯಬೇಡಿ. ಆದರೆ ನವರಾತ್ರಿ ಸಮಯಕ್ಕೇ ಹೋಗಿ. ನನ್ನ ಲೆಕ್ಕಗಳೆಲ್ಲ ಡಿಪಾರ್ಟ್‌ಮೆಂಟಿನ ಕಂಪ್ಯೂಟರಿನಲ್ಲಿವೆ, ಯಾರು ಬೇಕಾದರೂ ಮುಂದುವರಿಸಬಹುದು. ಕೂತು ವಿವರಿಸಲು ನಾನು ತಯಾರಿದ್ದೇನೆ.

ಮಾಸಿ, ಇದನ್ನು ನಿಮ್ಮ ಮಗ ಗುಜರಾತಿಯಲ್ಲಿ ಓದಿ ಹೇಳುತ್ತಾರೆ ಅಂತ ನಮ್ಮ ಸರ್ ಮಾತು ಕೊಟ್ಟಿದ್ದಾರೆ. ಚಣಿಯಾ ಚೋಳಿ ವಾಪಸ್ ಕೊಡಲು ಬಂದಾಗ ಇಟ್ಟುಕೋ ಅಂದಿರಿ. ಇಟ್ಟುಕೊಂಡಿದ್ದೇನೆ. ಜನವರಿಯಲ್ಲಿ ತೊಗರಿ ರಾಶಿಯ ಹೊತ್ತಿಗೆ ನಮ್ಮೂರಿಗೆ ಬರುತ್ತೇನೆ ಅಂದಿದ್ದೀರಿ. ಅವ್ವ ಆಗಲೇ ಹೊಸ ಬೇಳೆ ಕಟ್ಟಿಕೊಡುವ ಮಾತಾಡುತ್ತಿದ್ದಾಳೆ. ರೈಲಿನ ಟಿಕೆಟ್ ಯಾವ ದಿನಕ್ಕೆ ಮಾಡಿಸಲಿ ಅಂತ ತಿಳಿಸಿ.