ಮಾತ್ರೆ ಮಾತ್ರ ನಿಲ್ಲಿಸಬೇಡ

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಲದಲ್ಲಿ ರಕ್ತ ಹೋಗುವುದು ನಿಂತಿದೆ, ಅಲ್ಸರೇಟಿವ್ ಕೊಲೈಟಿಸ್‌ಗೆ, ಅಂದರೆ ದೊಡ್ಡ ಕರುಳಿನ ಒಳಮೈಯ ಉರಿಯೂತಕ್ಕೆ, ಕೊಟ್ಟ ಮೆಸಾಲಮೈನ್ ಮಾತ್ರೆ ಇನ್ನು ಯಾಕೆ ಅಂತ ಕೇಳಿದೆಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಾಗಿನಿಂದ ನನಗೆ ಅದೇ ಯೋಚನೆ. ಸುಮ್ನೆ ಹೆದರಿಸಲು ಬರೆಯುತ್ತಿಲ್ಲ ಕಂದಾ, ಕಾರಣ ಹೇಳುತ್ತೇನೆ.

ಪೆಥಾಲಜಿ ಲ್ಯಾಬಿನಲ್ಲಿದ್ದಾಗ ದೊಡ್ಡ ಕರುಳಿನ ಬಯಾಪ್ಸಿ ಸ್ಲೈಡುಗಳನ್ನು ತುಂಬಾ ನೋಡಿದ್ದೇನೆ. ಆಲ್ಸಿಯನ್ ಬ್ಲೂ ಬಣ್ಣ ಹಾಕಿದರೆ ಚೆನ್ನಾಗಿರುವ ಕರುಳಿನಲ್ಲಿ ಪುಟ್ಟ ಲೋಟದಂಥ ಜೀವಕೋಶಗಳು ಸಾಲಾಗಿ ನೀಲಿಯಾಗಿ ಕಾಣುತ್ತವೆ. ಗಾಬ್ಲೆಟ್ ಕೋಶಗಳು. ಆ ನೀಲಿಯೇ ಲೋಳೆ. ಅಲ್ಸರೇಟಿವ್ ಕೊಲೈಟಿಸ್ ಜೋರಾಗಿದ್ದವರ ಸ್ಲೈಡಿನಲ್ಲಿ ನೀಲಿ ಅಲ್ಲೊಂದು ಇಲ್ಲೊಂದು. ಗ್ರಂಥಿಗಳೊಳಗೆ ಬಿಳಿ ರಕ್ತಕಣಗಳು ಕಿಕ್ಕಿರಿದಿರುತ್ತವೆ.

ದೊಡ್ಡ ಕರುಳಿನ ಲೋಳೆಗೆ ಎರಡು ಪದರ. ಹೊರಗಿನದರಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಗೋಡೆಗೆ ಅಂಟಿಕೊಂಡ ಪದರಕ್ಕೆ ಅವು ನುಗ್ಗಲಾರವು. ಇಲಿಗಳಲ್ಲಿ ಇದನ್ನು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಲೋಳೆಯ ಮುಖ್ಯ ಪ್ರೋಟೀನ್ ಆದ ಎಂಯುಸಿ2 ಇಲ್ಲದೆ ಹುಟ್ಟಿದ ಇಲಿಗಳಿಗೆ ಕೊಲೈಟಿಸ್ ತಾನಾಗಿಯೇ ಬರುತ್ತದೆ! ಲೋಳೆಯ ಕೆಳಗಿರುವುದು ಒಂದೇ ಒಂದು ಸಾಲು ಜೀವಕೋಶ, ಅಷ್ಟೇ. ನಿನ್ನ ಕಾಯಿಲೆಯಲ್ಲಿ ಲೋಳೆ ತೆಳುವಾಗುತ್ತದೆ, ಕೋಶಗಳ ನಡುವಿನ ಬಿಗಿ ಸಡಿಲವಾಗುತ್ತದೆ, ಬ್ಯಾಕ್ಟೀರಿಯಾ ಒಳಗೆ ಬರುತ್ತವೆ. ಅವುಗಳ ಮೇಲೆ ದೇಹ ಕಾದಾಡುವಾಗ ಹೊರಬರುವ ರಾಸಾಯನಿಕಗಳು ಆ ಬಿಗಿಯನ್ನು ಇನ್ನಷ್ಟು ಸಡಿಲ ಮಾಡುತ್ತವೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ರಕ್ತ ನಿಂತ ಮೇಲೂ ಎಷ್ಟೋ ಜನರ ಕರುಳಿನ ಒಳಮೈ ಪೂರ್ತಿ ಮಾಗಿರುವುದಿಲ್ಲ. ಹೊಟ್ಟೆ ಆರಾಮಾಗಿದೆ ಅನ್ನಿಸುತ್ತದೆ, ಸ್ಕೋಪ್ (ಕ್ಯಾಮೆರಾ ಕೊಳವೆ) ಹಾಕಿದರೆ ಕೆಂಪು ಕಾಣುತ್ತದೆ. ಆಗ ಮಾತ್ರೆ ಬಿಟ್ಟವರಿಗೆ ಕಾಯಿಲೆ ಮರಳುವ ಸಾಧ್ಯತೆ ಜಾಸ್ತಿ. ಮೆಸಾಲಮೈನ್ ಕೆಲಸ ಮಾಡುವುದು ಕರುಳಿನ ಗೋಡೆಗೇ ತಾಗಿ. ಕರುಳಿಗೆ ಹೋದ ಮೇಲೆ ಬಿಚ್ಚಿಕೊಳ್ಳಲಿ ಅಂತಲೇ ಅದಕ್ಕೆ ಲೇಪ ಇರುತ್ತದೆ, ಪುಡಿ ಮಾಡಿ ನುಂಗಬೇಡ.

ಇನ್ನೊಂದು ವಿಷಯ. ತಲೆನೋವು, ಮುಟ್ಟಿನ ನೋವು ಅಂತ ಮೆಡಿಕಲ್ ಸ್ಟೋರಿನಿಂದ ಐಬುಪ್ರೊಫೇನ್, ಡೈಕ್ಲೋಫೆನಾಕ್ ತಂದು ನುಂಗಬೇಡ. ಅವು ಕರುಳಿನ ಒಳಮೈಗೆ ಪೆಟ್ಟು ಕೊಡುತ್ತವೆ, ಕೆಲವರಲ್ಲಿ ಕಾಯಿಲೆಯನ್ನು ಕೆರಳಿಸುತ್ತವೆ. ನೋವಿಗೆ ಏನು ತಗೋಬೇಕು ಅಂತ ಡಾಕ್ಟರನ್ನೇ ಕೇಳು. ಕರುಳಿನ ತೂತು ಮುಚ್ಚುತ್ತೇವೆ ಅನ್ನುವ ಪುಡಿಗಳಿಗೂ ದುಡ್ಡು ಸುರಿಯಬೇಡ.

ಊಟ ಬಿಟ್ಟು ಸೊರಗಬೇಡ. ನಾರನ್ನು ಬ್ಯಾಕ್ಟೀರಿಯಾ ಹುಳಿಸಿದಾಗ ಬರುವ ಬ್ಯುಟಿರೇಟ್ ಎಂಬ ಆಮ್ಲ ದೊಡ್ಡ ಕರುಳಿನ ಒಳಮೈಯ ಕೋಶಗಳಿಗೆ ಆಹಾರ. ಕಾಯಿಲೆ ಜೋರಿದ್ದಾಗ ನಾರು ಕಷ್ಟ ಕೊಡಬಹುದು. ಈಗ ಬೇಯಿಸಿದ ತರಕಾರಿ, ಬಾಳೆಹಣ್ಣು ಸ್ವಲ್ಪ ಸ್ವಲ್ಪವಾಗಿ ಶುರು ಮಾಡು, ಒಗ್ಗಿದ್ದನ್ನು ಇಟ್ಟುಕೋ.

ಮುಂದಿನ ಸಲ ಡಾಕ್ಟರ ಹತ್ತಿರ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಬಗ್ಗೆ ಕೇಳು. ಒಳಗೆ ಉರಿಯೂತ ಉಳಿದಿದೆಯೇ ಅಂತ ಅದರಿಂದ ಅಂದಾಜು ಸಿಗುತ್ತದೆ. ಡೋಸ್ ಇಳಿಸುವ ಮಾತು ಆಮೇಲೆ, ಅದೂ ಅವರೇ ಹೇಳಿದರೆ. ಜೊತೆಗೆ ಯಾರಾದರೂ ಬೇಕಿದ್ದರೆ ಹೇಳು, ನಾನೇ ಬರುತ್ತೇನೆ.

ನಿನ್ನ ದೊಡ್ಡಮ್ಮ