ವರ್ಚುವಲ್ ಲ್ಯಾಬ್ ಪ್ರಯೋಗಕ್ಕೆ ಮುನ್ನ ಇರಲಿ

ಮಾನ್ಯ ಸಂಪಾದಕರೇ,

ಪದವಿ ಕಾಲೇಜುಗಳ ವಿಜ್ಞಾನ ಬೋಧನೆಯಲ್ಲಿ, ಕಂಪ್ಯೂಟರ್ ಪರದೆಯ ಮೇಲೆಯೇ ಪ್ರಯೋಗ ಮಾಡಿಸುವ ವರ್ಚುವಲ್ ಲ್ಯಾಬ್‌ಗಳ ಬಳಕೆ ಹೆಚ್ಚಬೇಕೆಂಬ ಮಾತು ಕೋವಿಡ್ ಕಾಲದಿಂದಲೂ ಕೇಳಿಬರುತ್ತಿದೆ. ಕೇಂದ್ರ ಶಿಕ್ಷಣ ಸಚಿವಾಲಯದ ಯೋಜನೆಯಡಿ ದೆಹಲಿ ಐಐಟಿಯ ನೇತೃತ್ವದಲ್ಲಿ ರೂಪುಗೊಂಡ, ನಮ್ಮ ಸುರತ್ಕಲ್‌ನ ಎನ್‌ಐಟಿಕೆಯೂ ಪಾಲ್ಗೊಂಡಿರುವ ಜಾಲತಾಣವೇ ಉಚಿತವಾಗಿ ಲಭ್ಯವಿರುವಾಗ ಅದನ್ನು ಬಳಸದಿರುವುದು ಜಾಣತನವಲ್ಲ. ಆದರೆ ಉಪಕರಣ ಕೊಳ್ಳುವ ಖರ್ಚು ಉಳಿಸುವ ದಾರಿಯೆಂದು ಅದನ್ನು ಕಾಣುವುದಕ್ಕೆ ನನ್ನ ತಕರಾರಿದೆ.

ಪರಿಕಲ್ಪನೆಗಳನ್ನು ತಿಳಿಸುವಲ್ಲಿ ಇವು ನಿಜಕ್ಕೂ ಪರಿಣಾಮಕಾರಿ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ವಿಜ್ಞಾನದ ಸಿಮ್ಯುಲೇಷನ್ (ಪರದೆಯ ಮೇಲಿನ ಅನುಕರಣೆ) ರೂಪಿಸುವ ಫೆಟ್ ತಂಡದವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಮ್ಯುಲೇಷನ್‌ನಲ್ಲಿ ಸರ್ಕಿಟ್ ಜೋಡಿಸಿ ಕಲಿತವರು, ಅನಂತರ ನಿಜವಾದ ತಂತಿ, ಬಲ್ಬುಗಳನ್ನು ಜೋಡಿಸಿ ವಿವರಿಸುವುದರಲ್ಲೂ ಉಪಕರಣಗಳಲ್ಲೇ ಕಲಿತವರಿಗಿಂತ ಮುಂದಿದ್ದರು. ಎಲೆಕ್ಟ್ರಾನುಗಳ ಹರಿವು ಪರದೆಯ ಮೇಲೆ ಕಾಣುತ್ತದೆ, ಮೇಜಿನ ಮೇಲೆ ಕಾಣುವುದಿಲ್ಲ.

ಅಳತೆಯ ವಿಷಯ ಬೇರೆ. ಸ್ಪೆಕ್ಟ್ರೋಮೀಟರಿನಲ್ಲಿ ಕನಿಷ್ಠ ವಿಚಲನ ಕೋನ (ಪ್ರಿಸಂ ಬೆಳಕನ್ನು ಅತಿ ಕಡಿಮೆ ಬಾಗಿಸುವ ಕೋನ) ಹುಡುಕುವಾಗ ಟೆಲಿಸ್ಕೋಪನ್ನು ಫೋಕಸ್ ಮಾಡಿ, ಸ್ಲಿಟ್ ಕಿರಿದಾಗಿಸಿ, ಪ್ರಿಸಂ ಟೇಬಲ್ಲನ್ನು ಮಟ್ಟಸಗೊಳಿಸಿ, ರೋಹಿತದ ರೇಖೆ ನಿಂತು ಹಿಂದಿರುಗುವ ಜಾಗವನ್ನು ಕಣ್ಣಲ್ಲಿ ಹಿಡಿಯುವುದೇ ಪ್ರಯೋಗದ ಬಹುಪಾಲು. ವರ್ನಿಯರ್ ಓದಿ ಸೂತ್ರಕ್ಕೆ ಹಾಕುವುದು ಕೊನೆಯ ಕೆಲಸ. ಮೌಸಿನಲ್ಲಿ ಇದೆಲ್ಲ ಕ್ಷಣದಲ್ಲಿ ಮುಗಿಯುತ್ತದೆ. ದ್ರಾವಣದ ಸಾಂದ್ರತೆ ಅಳೆಯುವ ಟೈಟ್ರೇಷನ್‌ನಲ್ಲಿ ಬ್ಯುರೆಟ್ಟಿನಿಂದ ಒಂದು ಹನಿ ಹೆಚ್ಚು ಬಿದ್ದು ಬಣ್ಣ ಗಾಢವಾದರೆ ಮತ್ತೆ ಪಿಪೆಟ್ ಹಿಡಿಯಬೇಕಾಗುತ್ತದೆ. ಆ ಬೇಸರವೂ ಕಲಿಕೆಯೇ. ಅನೇಕ ಸಿಮ್ಯುಲೇಷನ್‌ಗಳು ಸೂತ್ರದಿಂದಲೇ ಅಂಕಿಗಳನ್ನು ತೆಗೆದುಕೊಡುವುದರಿಂದ, ಹಲವು ಬಾರಿ ಅಳೆದು ಸರಾಸರಿ ತೆಗೆಯುವುದೇಕೆ ಎಂಬ ಪ್ರಶ್ನೆಯೇ ವಿದ್ಯಾರ್ಥಿಗೆ ಏಳುವುದಿಲ್ಲ. (ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ರೀಡಿಂಗ್ ಬರೆಯುವ ಚಾಳಿ ಕಂಪ್ಯೂಟರಿಗಿಂತ ಹಳೆಯದು ಎಂಬುದನ್ನೂ ಒಪ್ಪಬೇಕು.)

ಪ್ರಾಣಿಶಾಸ್ತ್ರದ ಮಾತು ಬೇರೆ. ಪ್ರಾಣಿಗಳನ್ನು ಕೊಯ್ದು ನೋಡುವ ಡಿಸೆಕ್ಷನ್ ನಿಲ್ಲಿಸುವಂತೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2014ರಲ್ಲೇ ಸೂಚಿಸಿರುವುದರಿಂದ ಅಲ್ಲಿ ಪರದೆಯ ನೆರವು ಬೇಕೇ ಬೇಕು.

ಉಳಿದ ವಿಷಯಗಳಲ್ಲಿ ವರ್ಚುವಲ್ ಪ್ರಯೋಗವನ್ನು ಪ್ರಾಕ್ಟಿಕಲ್ಸ್‌ಗೆ ಮುಂಚಿನ ಸಿದ್ಧತೆಯಾಗಿ ಮಾಡಿಸಿ, ಅದಕ್ಕೆ ಆಂತರಿಕ ಅಂಕಗಳಲ್ಲಿ ಸಣ್ಣ ಪಾಲು ಕೊಡಬಹುದು. ಒಂದೇ ಉಪಕರಣದ ಸುತ್ತ ನಾಲ್ಕೈದು ಮಂದಿ ನಿಲ್ಲುವ ಕಾಲೇಜುಗಳಲ್ಲಿ, ಏನು ಮಾಡಬೇಕೆಂದು ತಿಳಿದೇ ಬಂದ ವಿದ್ಯಾರ್ಥಿಗಳಿಗೆ ಸಿಗುವ ಅಲ್ಪ ಸಮಯ ಅಳತೆಗೇ ದಕ್ಕುತ್ತದೆ. ಸೆಮಿಸ್ಟರ್ ಪ್ರಾಯೋಗಿಕ ಪರೀಕ್ಷೆ ಮಾತ್ರ ಉಪಕರಣದ ಮೇಲೆಯೇ ನಡೆಯಬೇಕು. ಈ ತಾಣಗಳ ವಿವರಣೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ, ಪ್ರತಿ ಪ್ರಯೋಗಕ್ಕೂ ಕನ್ನಡದಲ್ಲಿ ಒಂದೆರಡು ಪುಟಗಳ ಕೈಪಿಡಿಯನ್ನು ನಮ್ಮ ವಿಶ್ವವಿದ್ಯಾಲಯಗಳು ಸಿದ್ಧಪಡಿಸಬೇಕೆಂದು ಕೋರುತ್ತೇನೆ.

– ಭೌತಶಾಸ್ತ್ರ ಅಧ್ಯಾಪಕ, ಶಿವಮೊಗ್ಗ