ವೈದ್ಯಕೀಯ ಶಿಕ್ಷಣ ಸಚಿವರಿಗೆ: ಲಾಗ್‌ಬುಕ್ಕಿನ ಸಹಿ ವಾರ್ಡಿನಲ್ಲೇ ಬೀಳಲಿ

ಮಾನ್ಯ ಸಚಿವರೇ,

ನಮಸ್ಕಾರ. ನಾನು ದಾವಣಗೆರೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವವಳು.

2021ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮ ಬದಲಾಯಿಸಿತು. ಎಂಟು ಸೆಮಿಸ್ಟರ್ ಬಂತು, ಬೊಂಬೆಗಳ ಮೇಲೆ ಅಭ್ಯಾಸ ಮಾಡುವ ಸಿಮ್ಯುಲೇಶನ್ ಲ್ಯಾಬ್ ಬಂತು, ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಮಾಡಿಸಿ ನೋಡುವ ಓಸ್ಕಿ ಪರೀಕ್ಷೆ ಬಂತು. ಎಷ್ಟು ಓದಿದ್ದಾರೆ ಅನ್ನೋದಕ್ಕಿಂತ ಏನು ಮಾಡಬಲ್ಲರು ಅಂತ ನೋಡಬೇಕು ಎನ್ನುವುದು ಇದರ ಉದ್ದೇಶ. ಒಳ್ಳೆಯದೇ. ಆದರೆ ಮಾಡಬಲ್ಲರು ಅಂತ ಹೇಳುವವರು ಯಾರು?

ನಾನು ಹಿಂದೆ ಇದ್ದ ಒಂದು ಕಾಲೇಜಿನಲ್ಲಿ ಸೆಮಿಸ್ಟರ್ ಮುಗಿಯುವ ವಾರ, ವಿದ್ಯಾರ್ಥಿಗಳು ವಾರ್ಡಿನಲ್ಲಿ ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್‌ಗಳು ಮೇಜಿನ ಮೇಲೆ ರಾಶಿ ಬೀಳುತ್ತಿದ್ದವು. ಕ್ಯಾತಿಟರ್ ಹಾಕಿದ್ದು, ಡ್ರೆಸ್ಸಿಂಗ್ ಮಾಡಿದ್ದು, ಎಲ್ಲದಕ್ಕೂ ಒಂದೇ ಪೆನ್ನು, ಒಂದೇ ಮಧ್ಯಾಹ್ನ. ಸಹಿ ಹಾಕುವವರು ಆ ಕೆಲಸವನ್ನು ಕಣ್ಣಾರೆ ನೋಡಿರುತ್ತಿರಲಿಲ್ಲ.

ಡ್ರಿಪ್ ವಿಷಯವನ್ನೇ ತಗೊಳ್ಳಿ. 500 ಎಂ.ಎಲ್. ಸಲೈನ್ 4 ಗಂಟೆಯಲ್ಲಿ ಹೋಗಬೇಕು. ಹನಿ ಬಿಡುವ ಕೊಳವೆಯ ಸೆಟ್ಟಿನಲ್ಲಿ 20 ಹನಿಗೆ 1 ಎಂ.ಎಲ್. ಹೋಗುವುದಾದರೆ ನಿಮಿಷಕ್ಕೆ ಸುಮಾರು 42 ಹನಿ. ಪರೀಕ್ಷೆಯಲ್ಲಿ ಇದನ್ನು ಬಹಳ ಜನ ಸರಿಯಾಗೇ ಬರೆಯುತ್ತಾರೆ. ವಾರ್ಡಿನಲ್ಲಿ ಸಣ್ಣ ಹನಿಯ ಮೈಕ್ರೋ ಸೆಟ್ ಕೈಗೆ ಬಂದರೆ? ಅದರಲ್ಲಿ 60 ಹನಿಗೆ 1 ಎಂ.ಎಲ್. ಅದೇ 42 ಹನಿ ಬಿಟ್ಟರೆ ರೋಗಿಗೆ ಹೋಗುವುದು ಮೂರನೇ ಒಂದು ಪಾಲು. ಪ್ಯಾಕೆಟ್ ತಿರುಗಿಸಿ ನೋಡಬೇಕು ಅಂತ ಹೊಳೆಯಬೇಕು. ಪಕ್ಕದ ಬೆಡ್‌ನವರು ‘ಸಿಸ್ಟರ್, ಸಿಸ್ಟರ್’ ಅಂತ ಕೂಗುತ್ತಿರುವಾಗಲೂ ವಾಚು ನೋಡಿಕೊಂಡು ಹನಿ ಎಣಿಸಬೇಕು. ಲ್ಯಾಬಿನ ಬೊಂಬೆ ಕೂಗುವುದಿಲ್ಲ, ಕೈ ಎಳೆದುಕೊಳ್ಳುವುದೂ ಇಲ್ಲ.

ಇನ್ನೊಂದು ಮಾತು. ಮೊದಲ ಸೆಮಿಸ್ಟರ್‌ನಲ್ಲೇ ಕಮ್ಯುನಿಕೇಟಿವ್ ಇಂಗ್ಲಿಷ್ ಇದೆ. ಬೇಡ ಅನ್ನಲ್ಲ. ಆದರೆ ಜಗಳೂರು ಕಡೆಯಿಂದ ಬಂದ ಅಜ್ಜಿ ‘ಎದೆ ಹಿಂಡಿದಂಗೆ ಆಗ್ತೈತವ್ವ’ ಅಂದಾಗ ಹೊರರಾಜ್ಯದ ಹುಡುಗಿಗೆ ಅದು ತಿಳಿಯಬೇಕಲ್ವಾ? ಅದನ್ನೂ ಓಸ್ಕಿಯಲ್ಲಿ ಒಂದು ಸ್ಟೇಷನ್ ಮಾಡಬಹುದು.

ಇದನ್ನೆಲ್ಲ ನಿಜವಾಗಿ ನೋಡುವವರು ವಾರ್ಡಿನ ಸೀನಿಯರ್ ಸಿಸ್ಟರ್‌ಗಳು. ಯಾವ ಹುಡುಗಿಯ ಕೈ ಪಳಗಿದೆ, ಯಾರು ಸುಮ್ನೆ ಹಿಂದೆ ನಿಂತಿರುತ್ತಾರೆ, ಎಲ್ಲ ಅವರಿಗೆ ಗೊತ್ತು. ಆದರೆ ಅವರಿಗೆ ವಾರ್ಡು ತುಂಬ ರೋಗಿಗಳು, ಅದರ ಜೊತೆ ರಿಜಿಸ್ಟರ್ ಬರೆಯುವ ಕೆಲಸ. ಬೆಡ್ಡಿನ ಸುತ್ತ ಎಂಟು ಮಂದಿ ವಿದ್ಯಾರ್ಥಿಗಳು ನಿಂತರೆ ಯಾರಿಗೆ ಅಂತ ಕಲಿಸುತ್ತಾರೆ? ಪರಿಷತ್ತಿನ ಲೆಕ್ಕದಲ್ಲಿ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಿರಬೇಕು. ನಾನು ನೋಡಿದ್ದು ಇದರ ಉಲ್ಟಾ.

ನನ್ನ ಬೇಡಿಕೆ ಇಷ್ಟೇ. ಪ್ರತಿ ಪಾಳಿಗೆ ಒಬ್ಬ ಸೀನಿಯರ್ ಸಿಸ್ಟರ್‌ಗೆ ಕಲಿಸುವ ಹೊಣೆಯನ್ನು ಆದೇಶದಲ್ಲೇ ಕೊಡಿ. ಆ ಹೊತ್ತಿಗೆ ಅವರ ರೋಗಿಗಳನ್ನು ಬೇರೆಯವರು ನೋಡಿಕೊಳ್ಳಲಿ. ಭತ್ಯೆಯನ್ನೂ ಕೊಡಿ, ಪುಕ್ಕಟೆ ಕೆಲಸ ಈಗಾಗಲೇ ಜಾಸ್ತಿ ಇದೆ. ಲಾಗ್‌ಬುಕ್‌ಗೆ ಅವರದೇ ಸಹಿ ಬೀಳಲಿ, ಅದೂ ಅದೇ ದಿನ. ಕೈ ಪಳಗದಿದ್ದರೆ ‘ಇನ್ನೊಮ್ಮೆ ಮಾಡಿಸಿ’ ಅಂತ ಬರೆಯುವ ಅಧಿಕಾರವೂ ಅವರಿಗಿರಲಿ.

ಜಿಲ್ಲಾ ಆಸ್ಪತ್ರೆ ಆರೋಗ್ಯ ಇಲಾಖೆಯದು, ನರ್ಸಿಂಗ್ ಶಿಕ್ಷಣ ನಿಮ್ಮದು ಅಂತ ಕಡತ ಆ ಕಡೆ ಈ ಕಡೆ ಓಡಾಡಬಹುದು. ನೀವಿಬ್ಬರೂ ಸಚಿವರು ಒಮ್ಮೆ ಕೂತು ಮಾತಾಡಿದರೆ ಮುಂದಿನ ಸೆಮಿಸ್ಟರ್‌ನಿಂದಲೇ ದಾವಣಗೆರೆಯ ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡುಗಳಲ್ಲಿ ಇದನ್ನು ಶುರು ಮಾಡಬಹುದು.

ಇಂತಿ,
ದಾವಣಗೆರೆಯ ಒಬ್ಬ ನರ್ಸಿಂಗ್ ಉಪನ್ಯಾಸಕಿ